ದೊರೆಯ ಮುಖ

ಜಾಹೆದಾ ಗಂಡನ ಚಹಾದ ಲೋಟ ಇಟ್ಟದ್ದು ಮೇಜಿನ ಮೇಲೆ ಎಂದುಕೊಂಡು. ಅದು ಕೂತದ್ದು ದೊರೆಯ ಮುಖದ ಮೇಲೆ.

ಕುತುಬುದ್ದೀನ್ ಲೋಟ ಎತ್ತಿದ. ಒದ್ದೆ ತಳಕ್ಕೆ ಅಂಟಿಕೊಂಡು ದೊರೆಯ ಮುಖವೂ ಎದ್ದು ಬಂತು. ಬಿಡಿಸಲು ಹೋದರೆ ಹಣೆ, ಮೂಗು, ಮೀಸೆ ಬೇರೆ ಬೇರೆಯಾಗಿ ಕೈಗೆ ಬಂದವು.

ಅದು 1979ನೇ ಇಸವಿ. ಮಾನ್ವಿಯ ಬಜಾರಿನಲ್ಲಿ ಕುತುಬುದ್ದೀನನದು ಒಂದು ಕೋಣೆಯ ಫೋಟೋ ಸ್ಟುಡಿಯೋ. ಮುಖ ಕಳೆದುಕೊಂಡ ಫೋಟೋ ಮಾತ್ರ ಅವನದಲ್ಲ, ಊರ ಚರ್ಚಿನದು. ಹೆಚ್ಚುಕಡಿಮೆ ಐವತ್ತು ವರ್ಷ ಹಳೆಯದು. ಬಂಗಲೆಯ ಮುಂದೆ ಕುರ್ಚಿಯಲ್ಲಿ ಮಿಷನ್ ದೊರೆ, ಪಕ್ಕದಲ್ಲಿ ದೊರೆಸಾನಿ, ಅವಳ ತೊಡೆಯ ಮೇಲೆ ಕೂಸು, ಹಿಂದೆ ಅಡಿಗೆಯವ, ಆಯಾ, ರುಮಾಲು ಸುತ್ತಿದ ಬಂಡಿಯಾಳು. ಆ ಕೂಸು ಈಗ ಎಡಿತಮ್ಮ ಎಂಬ ಹೆಂಗಸಾಗಿ ವಿಲಾಯತಿಯಿಂದ ಬರುತ್ತಿತ್ತು. ಅಂದೇ ಮಧ್ಯಾಹ್ನ ಮೂರಕ್ಕೆ ಮಾನ್ವಿ, ಅಲ್ಲಿಂದ ದೇವದುರ್ಗ. ಆಕೆಗೆ ಕೊಡಲು ದೊಡ್ಡ ಪ್ರತಿ ಮಾಡೆಂದು ಪಾದ್ರಿ ಆಶೀರ್ವಾದಪ್ಪನವರು ಫೋಟೋ ಕೊಟ್ಟು ಎಂಟು ದಿನವಾಗಿತ್ತು. ಕುತುಬುದ್ದೀನ್ ದಿನವೂ ನಾಳೆ ಎನ್ನುತ್ತಿದ್ದ. ಇನ್ನು ನಾಳೆ ಉಳಿದಿರಲಿಲ್ಲ.

ಅವನು ತಲೆಯ ಮೇಲೆ ಕೈಹೊತ್ತು ಕೂತ. ಪಕ್ಕದ ಅರಿವೆ ಅಂಗಡಿಯ ಜಂಬಣ್ಣ, ಯಾರ ಮನೆಯಲ್ಲಿ ಏನಾದರೂ ಕರೆಯದೆ ಬರುವವನು, ಬಂದು ಫೋಟೋವನ್ನು ಕಣ್ಣಿಗೆ ಹಿಡಿದು ನೋಡಿದ.

"ಟೊಪಗಿ ಉಳದದ, ಕಾಲರು ಉಳದದ. ನಡುವ ಒಂದು ಮಾರಿ ಬೇಕಷ್ಟ. ಅದಕ್ಕ ಇಷ್ಟ್ಯಾಕ ಅಳ್ತೀಯೋ?"

"ಬಿಳೀ ಮಾರಿ ಎಲ್ಲಿಂದ ತರ್ಲಿ ಸಾವಕಾರ್ರ?"

ಜಂಬಣ್ಣ ಎದುರಿನ ಬಳೆ ಅಂಗಡಿಗೆ ಬೆರಳು ತೋರಿಸಿದ.

ಅಲ್ಲಿ ಬುರ್ಹಾನುದ್ದೀನ್ ಕೂತಿದ್ದ. ಸುಲಿದ ಮೊಟ್ಟೆಯಂಥ ಬಣ್ಣ, ಬೆಕ್ಕಿನ ಕಣ್ಣು, ಮೆಕ್ಕೆಜೋಳದ ತೆನೆಯ ಕೂದಲಿನಂಥ ಮೀಸೆ.

"ನಾ ಯಾಕ ದೊರಿ ಆಗ್ಬೇಕಲೇ?" ಎಂದು ಅವನು ಗುರ್ರೆಂದ.

"ಎರಡು ನಿಮಿಷ ದೊರಿ ಆಗೋ ಮಾರಾಯಾ! ಆಕಿ ನೋಡ್ತಾಳ, ಹೋಗ್ತಾಳ," ಎಂದ ಜಂಬಣ್ಣ.

ಅವನ ಮುಖದ ಫೋಟೋ ತೆಗೆದದ್ದು ಹತ್ತೂವರೆಗೆ. ಹನ್ನೆರಡಕ್ಕೆ ಕರೆಂಟು ಹೋಯಿತು. ಕತ್ತಲೆ ಕೋಣೆಯಲ್ಲಿ ಕುತುಬುದ್ದೀನ್ ಬೆವರುತ್ತ ನಿಂತ, ಹೊರಗೆ ಜಂಬಣ್ಣ ಐದು ನಿಮಿಷಕ್ಕೊಮ್ಮೆ ಗಂಟೆ ಎಷ್ಟಾಯಿತೆಂದು ಕೂಗಿ ಹೇಳಿದ. ಒಂದೂವರೆಗೆ ಕರೆಂಟು ಬಂತು. ಬುರ್ಹಾನುದ್ದೀನನ ಮುಖವನ್ನು ಕತ್ತರಿಸಿ, ಟೊಪ್ಪಿಗೆಯ ಕೆಳಗೆ ಅಂಟಿಸಿ, ಅಂಚಿಗೆ ಪೆನ್ಸಿಲ್ ತೀಡಿ, ಮತ್ತೆ ಫೋಟೋ ಹೊಡೆದು ದೊಡ್ಡದು ಮಾಡಿದ. ಜಾಹೆದಾ ಬೀಸಣಿಗೆಯಿಂದ ಬೀಸಿ ಬೀಸಿ ದೊರೆಯನ್ನು ಒಣಗಿಸಿದಳು. ಕುತುಬುದ್ದೀನ್ ಚರ್ಚಿಗೆ ಓಡಿ ಬಂದಾಗ ಎಡಿತಮ್ಮನ ಜೀಪು ಆಗಲೇ ನಿಂತಿತ್ತು.

ಪಾದ್ರಿಗಳು ಫೋಟೋ ನೋಡಿ ಹುಬ್ಬು ಗಂಟಿಕ್ಕಿದರು. "ದೊರೆಗಳು ದಪ್ಪ ಆದಂಗ ಕಾಣ್ತದಲ್ಲೋ?"

"ದೊಡ್ಡದು ಮಾಡಿದ್ರ ಎಲ್ಲಾರೂ ದಪ್ಪ ಆಗ್ತಾರ್ರೀ," ಎಂದ ಕುತುಬುದ್ದೀನ್.

ಎಡಿತಮ್ಮ ಫೋಟೋವನ್ನು ಕಿಟಕಿಯ ಬೆಳಕಿಗೆ ಒಯ್ದಳು. ಅವಳ ಕಣ್ಣಿಂದ ನೀರು ಇಳಿಯಿತು. ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಪಾದ್ರಿಗಳು ಒದ್ದೆ ದನಿಯಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿದರು.

"ಇವರು ತೊಡಿಮ್ಯಾಲಿನ ಕೂಸು ಇದ್ದಾಗನ ದೊರಿ ಜ್ವರ ಬಂದು ತೀರ್ಕೊಂಡ್ರಂತ. ಊರಿಗಿ ಹೋದ ಮ್ಯಾಲ ಇವರ ತಾಯಿ ಮನ್ಯಾಗಿನ ಎಲ್ಲಾ ಫೋಟೋದಾಗ ಗಂಡನ ಮಾರಿ ಕತ್ತರಿಸಿ ಒಗದ್ರಂತ. ಯಾಕಂತ ಸಾಯೋತನಕ ಹೇಳಲಿಲ್ಲಂತ. ಅಪ್ಪನ ಮಾರಿ ಒಮ್ಮಿ ನೋಡಬೇಕಂತ ಇಷ್ಟು ದೂರ ಬಂದಾರ."

ಕುತುಬುದ್ದೀನನಿಗೆ ನಿಜ ಹೇಳಿಬಿಡಬೇಕು ಅನ್ನಿಸಿತು. ಬಾಯಿ ತೆರೆದ. ಅಷ್ಟರಲ್ಲಿ, ತನ್ನ ಮುಖಕ್ಕೆ ಎಂಥ ಮರ್ಯಾದೆ ಸಿಕ್ಕಿತೆಂದು ನೋಡುವ ಆಸೆ ತಡೆಯಲಾರದೆ ಬುರ್ಹಾನುದ್ದೀನ್ ಬಾಗಿಲಲ್ಲಿ ಇಣುಕಿದ.

ಎಡಿತಮ್ಮ ಬಾಗಿಲು ನೋಡಿದಳು. ಫೋಟೋ ನೋಡಿದಳು. ಮತ್ತೆ ಬಾಗಿಲು ನೋಡಿ ಪಾದ್ರಿಗಳ ಮೂಲಕ ಅವನ ವಯಸ್ಸು ಕೇಳಿಸಿದಳು.

"ನಲವತ್ತೆಂಟು ನಡದದ. ಯಾಕ?" ಎಂದ ಬುರ್ಹಾನುದ್ದೀನ್.

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ತಾಯಿಯ ಕತ್ತರಿಯ ಅರ್ಥ ಈಗ ತಿಳಿಯಿತೆಂಬಂತೆ ಕಣ್ಣು ಮುಚ್ಚಿದಳು. ಆಮೇಲೆ ಎರಡೂ ಕೈ ಚಾಚಿ ಹೋಗಿ, "ಬ್ರದರ್!" ಎಂದು ಅವನನ್ನು ತಬ್ಬಿಕೊಂಡಳು.

"ಏನಂತಾಳ ಆಕಿ?" ಎಂದು ಬುರ್ಹಾನುದ್ದೀನ್ ಒದ್ದಾಡಿದ. ಪಾದ್ರಿಗಳು ನಾಚುತ್ತ ಅವನ ಕಿವಿಯಲ್ಲಿ ಹೇಳಿದರು. ಅವನ ಬಿಳಿ ಮುಖ ಟೊಮ್ಯಾಟೋ ಆಯಿತು.

"ಸುಳ್ಳರೀ ಅಮ್ಮಾ!" ಎಂದು ಕುತುಬುದ್ದೀನ್ ಕೈಮುಗಿದ. ಲೋಟ, ಜಂಬಣ್ಣ, ಕತ್ತರಿ, ಅಂಟು, ಒಂದನ್ನೂ ಬಿಡದೆ ಒದರಿದ. ಪಾದ್ರಿಗಳು ಕಣ್ಣು ಕೆಕ್ಕರಿಸುತ್ತಲೇ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿದರು. ಎಡಿತಮ್ಮ ಪೂರ್ತಿ ಕೇಳಿದಳು. ಅವನ ಎರಡೂ ಕೈ ಹಿಡಿದು ಮೆಲ್ಲಗೆ ಏನೋ ಅಂದಳು.

"ಏನಂದ್ರರೀ? ಬೈದ್ರೇನು?"

"ನೀ ದೊಡ್ಡ ಮನುಷ್ಯಾ ಅಂತಾರ," ಎಂದರು ಪಾದ್ರಿಗಳು. "ಒಬ್ಬ ಹೆಣ್ಮಗಳ ಮಾನ ಉಳಸಾಕ ನಿನ್ನ ಮ್ಯಾಲ ನೀನ ತಪ್ಪು ಹಾಕ್ಕೊಳಾಕತ್ತೀಯಂತ. ಇಷ್ಟು ಛಂದ ಸುಳ್ಳು ಹೇಳೋ ಒಳ್ಳೇ ಮನುಷ್ಯಾನ್ನ ಎಲ್ಲೂ ನೋಡಿಲ್ಲಂತ."

"ಖುದಾನ ಆಣಿ ಖರೇ ಅದರೀ!"

ಅವಳು ಇನ್ನಷ್ಟು ಮೆಚ್ಚುಗೆಯಿಂದ ತಲೆಯಾಡಿಸಿದಳು. ದೇವದುರ್ಗ ನಾಳೆ ಆಗಲಿ, ಈ ತಮ್ಮನ ತಾಯಿ ಇದ್ದಾಳೆಯೇ ಎಂದು ಕೇಳಿದಳು.

ಬೇಡ ಎಂದು ಕುತುಬುದ್ದೀನ್ ಕಣ್ಸನ್ನೆ ಮಾಡುವಷ್ಟರಲ್ಲಿ, ಹಿಂದೆಯೇ ಬಂದು ನಿಂತಿದ್ದ ಜಂಬಣ್ಣ ಹೇಳಿಬಿಟ್ಟ: "ಅದಾಳ್ರೀ! ಗುಲ್ಶನ್ ಬೇಗಂ, ಮಸೂತಿ ಹಿಂದಿನ ಮನಿ. ಕಲ್ಲಿನಂಗ ಗಟ್ಟಿ ಅದಾಳ!"

ಗುಲ್ಶನ್ ಬೇಗಂ ಎಪ್ಪತ್ತರ ಮುದುಕಿ. ಓಣಿಗೆ ನುಗ್ಗಿದ ಹೋರಿಯನ್ನು ಹೋದ ವರ್ಷವಷ್ಟೇ ಬರಿಗೈಯಲ್ಲಿ ಓಡಿಸಿದ್ದಳು. ಆ ಹೋರಿ ಮತ್ತೆ ಆ ಓಣಿಗೆ ಬಂದಿರಲಿಲ್ಲ.

"ತಾಯಿ, ಮಗ, ತಾನು, ಮೂರೂ ಮಂದಿ ಕೂಡಿ ಒಂದು ಫೋಟೋ ಬೇಕಂತ," ಎಂದರು ಪಾದ್ರಿಗಳು. "ಕ್ಯಾಮರಾ ಹಿಡ್ಕೊಂಡು ನೀನ ಮುಂದ ನಡೀಬೇಕಂತ."

"ಯಾಕ ಬಂದಾರಂತ ನಮ್ಮ ಅಮ್ಮಾಗ ನೀನ ಹೇಳ್ಬೇಕು," ಎಂದು ಬುರ್ಹಾನುದ್ದೀನ್ ಅವನ ಕಾಲರು ಹಿಡಿದ.

ಮೆರವಣಿಗೆ ಹೊರಟಿತು. ಬಜಾರಿನ ಅರ್ಧ ಜನ ಜೊತೆಗೂಡಿದರು. ಮಸೀದಿಯ ಹಿಂದಿನ ಹಸಿರು ಬಾಗಿಲ ಮುಂದೆ ಕುತುಬುದ್ದೀನನ ಕೈ ತಾನಾಗಿಯೇ ಎದ್ದು ಚಿಲಕ ಬಡಿಯಿತು.

"ಯಾರದು?" ಒಳಗಿನಿಂದ ದನಿ ಗುಡುಗಿತು.

ಉತ್ತರ ಯಾರಾದರೂ ಕೊಟ್ಟಾರೆಂದು ಅವನು ಹಿಂತಿರುಗಿದ. ಬುರ್ಹಾನುದ್ದೀನ್, ಜಂಬಣ್ಣ, ಪಾದ್ರಿಗಳು, ಇಡೀ ಬಜಾರು ಓಣಿಯ ತುದಿಗೆ ಸರಿದು ನಿಂತಿತ್ತು. ಎಡಿತಮ್ಮ ಒಬ್ಬಳೇ ಅವನ ಪಕ್ಕದಲ್ಲಿ ನಿಂತು, ಕಣ್ಣೀರು ಒರೆಸಿಕೊಂಡು, ಕೂದಲು ಸರಿಮಾಡಿಕೊಳ್ಳುತ್ತಿದ್ದಳು.