ನಳದ ಕಟ್ಟೆಯ ಪರೀಕ್ಷೆ

ಬೆಳಿಗ್ಗೆ ಎದ್ದು ಮೂರು ಬಕೆಟ್ಟು ನೀರು ಹಿಡಿದೆ. ಸ್ಟೋವಿನ ಬತ್ತಿ ಕತ್ತರಿಸಿದೆ. ರೇಷನ್ ಅಕ್ಕಿಯ ಕಲ್ಲು ಆರಿಸಿ, ಅನ್ನ ಮಾಡಿ, ಇವರ ಡಬ್ಬಿ ಕಟ್ಟಿ ಲೋಕಲ್ ರೈಲಿಗೆ ಓಡಿಸಿದೆ. ಮಗನ ಚಡ್ಡಿಗೆ ಗುಂಡಿ ಹಚ್ಚಿದೆ. ಗ್ಯಾಲರಿಯಲ್ಲಿ ಒಣಹಾಕಿದ ಹಪ್ಪಳವನ್ನು ಕಾಗೆಯಿಂದ ಕಾಪಾಡಿದೆ. ಹನ್ನೊಂದು ಗಂಟೆಗೆ ಹೋಗಿ ಒಂದು ಶಾಲೆಯನ್ನು ಗೆದ್ದು ಬಂದೆ!

ಗೆದ್ದವಳು ನಾನೊಬ್ಬಳೇ ಅಲ್ಲ. ಗೆಲ್ಲಿಸಿದವರು ಇವರ ಸೋದರತ್ತೆ. ಮಲಾಡಿನ ನಮ್ಮ ಚಾಳಿನ ಮೂವತ್ತೆರಡು ಖೋಲಿಗಳಿಗೂ ಅವರು ‘ಆತ್ಯಾ’. ಅವರಿಗೆ ಸ್ವಂತ ಮಕ್ಕಳು ಒಂದೂ ಇಲ್ಲ. ಆದರೆ ಕಳೆದ ವರ್ಷ ಹನ್ನೊಂದು ಮಕ್ಕಳ ತಾಯಿಯಾಗಿದ್ದರು. ಗಾಬರಿಯಾಗಬೇಡಿ, ಹೇಳುತ್ತೇನೆ!

ಚಾಳಿನ ಹತ್ತಿರದ ಕನ್ನಡ ಶಾಲೆಯಲ್ಲಿ ಆಗಾಗ ಪಾಲಕರ ಸಭೆ. ರಜೆ ಸಿಗದವರು, ಓದು ಬಾರದೆ ಅಂಜುವವರು, ಸುಮ್ಮನೆ ಸೋಮಾರಿಗಳು, ಎಲ್ಲರ ಪರವಾಗಿಯೂ ಆತ್ಯಾ ಛತ್ರಿ ಹಿಡಿದು ಹೊರಡುತ್ತಿದ್ದರು. ಹನ್ನೊಂದನೆಯ ಮಗುವಿನ ಹೆಸರಿಗೂ ಅವರೇ ಎದ್ದು ನಿಂತಾಗ ಹೆಡ್‌ಮಾಸ್ತರರು ಕನ್ನಡಕ ತೆಗೆದರು.

“ಅಮ್ಮಾ, ನಿಮಗೆ ಒಟ್ಟು ಮಕ್ಕಳೆಷ್ಟು?”

“ಇವು ಮೇಲಿನ ಮಹಡಿಯವು ಸರ್. ಕೆಳಗಿನವುಗಳದ್ದು ಇನ್ನೂ ಬಾಕಿ ಇದೆ.”

ಇನ್ನು ಮೇಲೆ ಹೆತ್ತವರೇ ಬರಬೇಕೆಂದು ಹೆಡ್‌ಮಾಸ್ತರರು ಕೈಮುಗಿದು ಹೇಳಿಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಂಡು ಮಲಗುತ್ತಿದ್ದರು. ಆತ್ಯಾ ಮರುದಿನವೇ ನಳದ ಕಟ್ಟೆಯ ಮೇಲೆ ಕುಳಿತರು! ನಮಗಿರುವುದು ಒಂದೇ ನಳ, ನೀರು ಬರುವುದು ಬೆಳಿಗ್ಗೆ ಒಂದೇ ಒಂದು ಗಂಟೆ ಹೊತ್ತು. ಅಲ್ಲಿಗೆ ಬಾರದ ಮನೆಯಿಲ್ಲ. ಸಾಲಿನ ಜಗಳ ಬಿಡಿಸುವವರು ಮೊದಲಿನಿಂದಲೂ ಆತ್ಯಾ ಒಬ್ಬರೇ, ಆದ್ದರಿಂದ ಎದುರಾಡುವ ಹಾಗೂ ಇಲ್ಲ. ಬಕೆಟ್ಟು ಮುಂದೆ ಸರಿಸುವ ಮೊದಲು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: ನಿನ್ನೆ ನಿಮ್ಮ ಮಗು ಶಾಲೆಯಲ್ಲಿ ಏನು ಕಲಿಯಿತು? ಉತ್ತರ ಬಂದರೆ ನೀರು. ಬಾರದಿದ್ದರೆ ಸಾಲಿನ ಹಿಂದಕ್ಕೆ!

ನನಗೇನು ಭಯ? ಎಸ್ಸೆಸ್ಸೆಲ್ಸಿ ಪಾಸಾದವಳು!

“ಏನು ಕಲಿತನೇ ನಿನ್ನ ಮಗ?”

“ಗಣಿತ, ಅತ್ತೆ.”

“ಗಣಿತದಲ್ಲಿ ಏನು?”

“ಅದೇ... ಲೆಕ್ಕ.”

“ಹಿಂದೆ ನಡಿ!”

ನನ್ನ ಸರದಿ ಬರುವಷ್ಟರಲ್ಲಿ ನಳ ಬರಿ ಗಾಳಿ ಊದುತ್ತಿತ್ತು. ಇವರು ಸ್ನಾನವಿಲ್ಲದೆ, ಕುತ್ತಿಗೆಗೆ ಪೌಡರು ಬಳಿದುಕೊಂಡು ಆಫೀಸಿಗೆ ಹೋದರು. ಅಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಮಗನ ಮುಂದೆ ನಿಂತು, “ಇವತ್ತು ಏನೋ ಕಲಿತೆ? ಬೇಗ ಹೇಳು, ನಾಳೆ ನಾನು ಸ್ನಾನ ಮಾಡಬೇಕು!” ಎಂದರು. ಮಗನ ಪುಸ್ತಕವನ್ನು ಅವರು ಬಿಡಿಸಿ ನೋಡಿದ್ದು ಅದೇ ಮೊದಲು.

ಹೀಗಿರುವಾಗ ನಾಗವ್ವನ ಪ್ರಸಂಗ ಬಂತು. ನಾಗವ್ವ ಗುಲ್ಬರ್ಗಾ ಕಡೆಯವಳು. ಚಾಳಿನ ಹಿಂದೆ ಏಳುತ್ತಿರುವ ಬಿಲ್ಡಿಂಗಿನಲ್ಲಿ ಇಟ್ಟಿಗೆ ಹೊರುತ್ತಾಳೆ, ನೀರಿಗೆ ನಮ್ಮ ನಳಕ್ಕೇ ಬರುತ್ತಾಳೆ. ಮಗಳು ಶಾಂತಾ ಮೂರನೆಯ ವರ್ಗ. ಕೈಗೂಸು ತಮ್ಮನನ್ನು ಹಿಡಿಯಲು ವಾರದಲ್ಲಿ ಮೂರು ದಿನ ಶಾಲೆ ತಪ್ಪಿಸುತ್ತಿದ್ದಳು. ಶಾಲೆಯ ಮರಾಠಿ ಜವಾನ ಗೇಟಿನಲ್ಲಿ ಅವಳಿಗೆ, “ಉದ್ಯಾ ಪಾಲಕ್ ಆಣಾ!” ಎಂದು ಕೂಗಿ ಹೇಳಿದ್ದಾನೆ. ನಾಳೆ ಪಾಲಕರನ್ನು ಕರೆತಾ ಅಂತ. ನಾಗವ್ವ ಪಾಪ, ಎರಡು ಕಟ್ಟು ಪಾಲಕ್ ಸೊಪ್ಪು ಕಳಿಸಿದಳು! ಜವಾನ ಮತ್ತೆ ಕೂಗಿದ. ಎರಡು ಕಟ್ಟು ಸಾಲಲಿಲ್ಲವೇನೋ ಎಂದು ಈ ಸಲ ನಾಲ್ಕು ಕಟ್ಟು ಹೋಯಿತು!

ಹೆಡ್‌ಮಾಸ್ತರರಿಗೆ ತಮಾಷೆ ಮಾಡುತ್ತಿದ್ದಾರೆ ಎನಿಸಿತೋ ಏನೋ, ಚೀಟಿ ಬಂತು. ನಳದ ಹತ್ತಿರ ನಾನೇ ಓದಿ ಹೇಳಿದೆ: ಶನಿವಾರ ತಂದೆಯೋ ತಾಯಿಯೋ ಖುದ್ದಾಗಿ ಬಾರದಿದ್ದರೆ ಶಾಂತಾಳ ಹೆಸರು ತೆಗೆಯಲಾಗುವುದು.

“ತಗದ್ರ ತಗೀಲಿ ಬಿಡ್ರಿ ಆತ್ಯಾ,” ಎಂದಳು ನಾಗವ್ವ. “ಅಕ್ಷರ ಗೊತ್ತಿಲ್ದಾಕಿ ನಾ, ಸಾಲಿಯೊಳಗ ಹೋಗಿ ಏನ್ ಮಾತಾಡ್ಲಿ? ಕೂಸಿನ್ನ ಯಾರ ಹಿಡೀತಾರ?”

ಹಿಂದೆ ನಿಂತಿದ್ದ ಶಾಂತಾ ತಮ್ಮನನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು, ಅಷ್ಟೇ.

“ಮೂವತ್ತೆರಡು ಖೋಲಿಯಲ್ಲಿ ಒಂದು ಕೂಸಿಗೆ ಜಾಗ ಇಲ್ಲವೇನೇ?” ಎಂದು ಆತ್ಯಾ ಅಲ್ಲೇ ಕೂಸನ್ನು ಹಂಚಿಬಿಟ್ಟರು. ಸೋಮವಾರ ನಮ್ಮ ಮನೆ, ಮಂಗಳವಾರ ಎದುರಿನ ದರ್ಜಿಯವರ ಮನೆ, ಹೀಗೆ. ಶಾಂತಾ ದಿನವೂ ಶಾಲೆಗೆ. ಸಂಜೆ ಅವಳು ಪಾಠ ಓದಬೇಕು, ನಾಗವ್ವ ಕೇಳಬೇಕು, ಬೆಳಿಗ್ಗೆ ನಳದ ಕಟ್ಟೆಯಲ್ಲಿ ಒಪ್ಪಿಸಬೇಕು. ಮೊದಲ ದಿನ ನಾಗವ್ವ ಒಂದೇ ಸಾಲು ಒಪ್ಪಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗುರುವಾರದ ಹೊತ್ತಿಗೆ ಜೇನುಹುಳದ ಪಾಠಕ್ಕೆ ಅರ್ಥವನ್ನೂ ಹೇಳತೊಡಗಿದಳು: “ಎಲ್ಲಾ ಹುಳಾ ದುಡೀತಾವ್ರಿ. ಒಬ್ಬಾಕೆ ರಾಣಿ ಮಾತ್ರ ಕುಂತಲ್ಲೇ ತಿಂತಾಳ, ನಮ್ಮನ್ನ ದುಡಸೋ ಮುಕಾದಮನಂಗ!”

ಇಂದು ಶನಿವಾರ. ಹನ್ನೊಂದಕ್ಕೆ ನೀರಿನ ಸಾಲೇ ಶಾಲೆಗೆ ನಡೆಯಿತು. ಆತ್ಯಾ ಕೂಸನ್ನೆತ್ತಿಕೊಂಡು ಗೇಟಿನವರೆಗೆ ಬಂದರು. ಹೆತ್ತವರಿಗಷ್ಟೇ ಪ್ರವೇಶ ಎಂದು ಜವಾನ ಕೈ ಅಡ್ಡ ಹಿಡಿದ. ಆತ್ಯಾ ಅಲ್ಲೇ ನಿಂತರು, ನಾವು ಒಳಗೆ ಹೋದೆವು.

“ನಿಮ್ಮ ಮಗಳು ಏನು ಓದುತ್ತಾಳೆ ಅಂತಾದರೂ ಗೊತ್ತೇನಮ್ಮಾ?” ಎಂದು ಹೆಡ್‌ಮಾಸ್ತರರು ಕೇಳಿದರು. ಕೇಳಬಾರದಿತ್ತು! ನಾಗವ್ವ ಸೆರಗು ಬಿಗಿಮಾಡಿಕೊಂಡು ಜೇನುಹುಳ ಶುರುಮಾಡಿದವಳು ಏಳರ ಮಗ್ಗಿ ಮುಗಿಯುವವರೆಗೂ ನಿಲ್ಲಲಿಲ್ಲ. ಆಮೇಲೆ ಮೆಲ್ಲಗೆ, “ನಂದೊಂದು ಕೇಳ್ಲೇನ್ರಿ ಸರ? ನನ್ನ ಮಗಳು ಎಷ್ಟನೇ ಬೆಂಚಿನ್ಯಾಗ ಕೂಡ್ತಾಳ್ರಿ?” ಎಂದಳು.

ಹೆಡ್‌ಮಾಸ್ತರರು ಶಾಂತಾಳ ವರ್ಗದ ಮಾಸ್ತರರನ್ನು ನೋಡಿದರು. ಮಾಸ್ತರರು ಫ್ಯಾನು ನೋಡಿದರು.

“ಹಂಗಾರ ಹಿಂದ ನಡೀರಿ!”

ರೂಢಿಯಿಂದ ಬಾಯಿಗೆ ಬಂದುಬಿಟ್ಟಿತು. ನಾಗವ್ವ ನಾಲಿಗೆ ಕಚ್ಚಿಕೊಂಡಳು. ಮೊದಲು ನಕ್ಕವರು ಹೆಡ್‌ಮಾಸ್ತರರೇ! ನಕ್ಕು, ಕಣ್ಣೊರೆಸಿಕೊಂಡು, “ಹೆಸರು ಎಲ್ಲೂ ಹೋಗುವುದಿಲ್ಲಮ್ಮ,” ಎಂದರು. “ಬಾರಮ್ಮ ಶಾಂತಾ, ನಿನ್ನ ಬೆಂಚು ನಮಗೆಲ್ಲ ತೋರಿಸು.”

ಶಾಂತಾ ವರ್ಗಕ್ಕೆ ಓಡಲಿಲ್ಲ, ಗೇಟಿಗೆ ಓಡಿದಳು. ಜವಾನನಿಗೆ, “ಆಮ್ಚೀ ಆಹೇ” ಎಂದಳು. ಇವರು ನಮ್ಮವರು. ಆತ್ಯಾರ ಕೈ ಹಿಡಿದು ಎಳೆತಂದು ಕಿಟಕಿ ಪಕ್ಕದ ಮೂರನೆಯ ಬೆಂಚಿನಲ್ಲಿ ಕೂರಿಸಿದಳು. ಆತ್ಯಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಬೆಂಚಿನ ಮೇಲೆ ಅಂಗೈ ಆಡಿಸಿದರು.

“ಇಷ್ಟು ವರ್ಷ ಬಂದೆ. ಯಾವ ಮಗು ಎಲ್ಲಿ ಕೂರುತ್ತೆ ಅಂತ ನಾನೂ ಕೇಳಲಿಲ್ಲವಲ್ಲೇ,” ಎಂದರು ನನಗೆ. “ನಾನೂ ಹಿಂದೆ ಹೋಗಬೇಕು.”

ಏಳಲು ಹೋದವರ ಭುಜದ ಮೇಲೆ ನಾಗವ್ವ ಕೈಯಿಟ್ಟಳು. “ನೀವು ಅಲ್ಲೇ ಕುಂದರ್ರಿ, ಯವ್ವಾ.”

ಸಂಜೆ ನಾಗವ್ವ ಜೋಳದ ರೊಟ್ಟಿ, ಎಣ್ಣೆಗಾಯಿ ತಂದಳು. ನಾನು ಅನ್ನ, ಹುರುಳಿ ಸಾರು ಮಾಡಿದ್ದೆ. ಎಲ್ಲರೂ ನಮ್ಮ ಖೋಲಿಯಲ್ಲೇ ಉಂಡೆವು. ಆತ್ಯಾ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಎರಡು ತಿಂದರು. ಮೊದಲು ನಿದ್ದೆ ಹೋದವರೂ ಅವರೇ. ಕೂಸು ಅವರ ಸೆರಗು ಹಿಡಿದುಕೊಂಡು ಇನ್ನೂ ಎಚ್ಚರವಾಗಿಯೇ ಇತ್ತು.