ನಾಲ್ಕನೇ ಕೋಣೆಯ ಚಳಿ, ಐದನೇ ಕೋಣೆಯ ಸೆಕೆ

ಬೆಳಗ್ಗೆ ಹತ್ತೂಕಾಲಿಗೆ ನಾಲ್ಕನೇ ಕೋಣೆಯ ದೊಡ್ಡ ಮೇಡಂಗೆ ಸ್ವಲ್ಪ ಚಳಿಯಾಯಿತು. ನಡೆದದ್ದು ಇಷ್ಟೇ. ಅವರು ಎದ್ದು, ಗೋಡೆಗೆ ಹೊಸದಾಗಿ ಕೂರಿಸಿದ್ದ ಎ.ಸಿ. ರಿಮೋಟಿನಲ್ಲಿ ಇಪ್ಪತ್ತನಾಲ್ಕು ಇದ್ದದ್ದನ್ನು ಇಪ್ಪತ್ತಾರು ಮಾಡಿ ಕುರ್ಚಿಗೆ ಮರಳಿದರು.

ಸ್ವಲ್ಪ ಹೊತ್ತಿಗೆ ಪಕ್ಕದ ಐದನೇ ಕೋಣೆಯಲ್ಲಿ ಮ್ಯಾನೇಜರರಿಗೆ ಸೆಕೆಯಾಯಿತು. ಅವರು ತಮ್ಮ ರಿಮೋಟನ್ನು ಇಪ್ಪತ್ತೆರಡಕ್ಕೆ ಇಳಿಸಿದರು. ಮೇಡಂಗೆ ಚಳಿ ಹೆಚ್ಚಿತು, ಇಪ್ಪತ್ತೆಂಟು ಮಾಡಿದರು. ಮ್ಯಾನೇಜರರು ಅಂಗಿಯ ಮೇಲಿನ ಗುಂಡಿ ಬಿಚ್ಚಿ ಇಪ್ಪತ್ತು ಮಾಡಿದರು. ಹನ್ನೊಂದರ ಹೊತ್ತಿಗೆ ಒಂದು ಗೋಡೆಯಲ್ಲಿ ಮೂವತ್ತು, ಇನ್ನೊಂದರಲ್ಲಿ ಹದಿನಾರು. ಅದರಾಚೆಗೆ ಆ ರಿಮೋಟುಗಳಲ್ಲಿ ಅಂಕಿಯೇ ಇರಲಿಲ್ಲ. ಎರಡು ಬಾಗಿಲುಗಳೂ ಒಂದೇ ಸಲ ತೆರೆದವು. ಶಾಲು ಹೊದ್ದ ಮೇಡಂ, ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಮ್ಯಾನೇಜರ್, ಇಬ್ಬರೂ ಒಂದೇ ದನಿಯಲ್ಲಿ ಕೂಗಿದರು:

"ಎಲ್ಲಿ ಆ ವೈರ್‌ಮನ್?"

ವೈರ್‌ಮನ್ ಕಾರಿಡಾರಿನಲ್ಲೇ ಇದ್ದ. ಕೊರಳಿಗೆ ಸದಾ ಮೀಟರ್ ತೂಗಿಸಿಕೊಂಡಿರುತ್ತಿದ್ದ ಅವನನ್ನು ಆಫೀಸಿನ ಎ.ಸಿ., ಬಣ್ಣದ ಗುತ್ತಿಗೆ ಹಿಡಿದಿದ್ದ ಅವನ ಕಂಪನಿಯವರೆಲ್ಲ ಮೀಟರಣ್ಣ ಎನ್ನುತ್ತಿದ್ದರು. ಹದಿನೆಂಟು ವರ್ಷ ಏಣಿ ಹತ್ತಿ ಇಳಿದು ಅವನ ಮಂಡಿಗಳು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. ಕಂಪನಿಯ ಸೂಪರ್‌ವೈಸರ್ ಹೋದ ವಾರ ಕೆಲಸ ಬಿಟ್ಟಿದ್ದ. ಆ ಜಾಗದ ಬಗ್ಗೆ ಕಂಪನಿಯ ಎಂಜಿನಿಯರ್ ಮಾತು ಕೊಟ್ಟಿದ್ದರು: "ಇವತ್ತು ನಾಲ್ಕು ಗಂಟೆಗೆ ಆಫೀಸಿನ ಮಾಲೀಕರು ಕೆಲಸ ನೋಡೋಕೆ ಬರ್ತಾರೆ. ಒಂದೂ ತಕರಾರಿಲ್ಲದೆ ಸಹಿ ಬಿತ್ತೋ, ನಾಳೆಯಿಂದ ನೀನೇ ಸೂಪರ್‌ವೈಸರ್. ಏಣಿ ಮುಟ್ಟೋ ಹಾಗಿಲ್ಲ." ಮನೆಯಲ್ಲಿ ಹೆಂಡತಿ ಆಗಲೇ ಮಂಡಿಗೆ ಹಚ್ಚುವ ಎಣ್ಣೆಯ ಶೀಸೆಯನ್ನು ಅಟ್ಟಕ್ಕೆ ಏರಿಸಿಬಿಟ್ಟಿದ್ದಳು.

"ಏನ್ರೀ ಇದು? ಕೋಣೆಯೋ ಐಸ್ ಪೆಟ್ಟಿಗೆಯೋ?" ಎಂದರು ಮೇಡಂ.

"ನನ್ನನ್ನ ಬೇಯಿಸಿ ಬಸಿಯೋ ಯೋಚನೆ ಇದೆಯಾ?" ಎಂದರು ಮ್ಯಾನೇಜರ್.

"ಮೇಡಂ, ಸಾರ್, ನನ್ನ ಕೇಬಲ್ ಸರಿಯಾಗಿದೆ," ಎಂದ ಮೀಟರಣ್ಣ.

ಅವನು ಹಾಗೆ ಹೇಳಲು ಕಾರಣವಿತ್ತು. ಟೆರೇಸಿನ ಮೇಲೆ ಒಂದು ದೊಡ್ಡ ಯಂತ್ರ, ಕೆಳಗೆ ಎಂಟು ಕೋಣೆಗಳ ಸೀಲಿಂಗಿನಲ್ಲಿ ಎಂಟು ಚಿಕ್ಕ ಯಂತ್ರ, ಗೋಡೆಗಳ ಮೇಲೆ ಎಂಟು ರಿಮೋಟು. ಇವೆಲ್ಲ ಮಾತಾಡಿಕೊಳ್ಳುವುದು ಎರಡೇ ಎಳೆಯ ಒಂದು ಕಂಟ್ರೋಲ್ ಕೇಬಲಿನಲ್ಲಿ. ಎಂಟೂ ಕೋಣೆಗಳ ಮಾತು ಅದರಲ್ಲಿ ಒಟ್ಟಿಗೇ ಹರಿಯುತ್ತದೆ; ಯಾರ ಮಾತು ಯಾರಿಗೆ ಎಂದು ಗೊತ್ತಾಗುವುದು ನಂಬರಿನಿಂದ. ನಾಲ್ಕನೇ ನಂಬರಿನ ರಿಮೋಟು ಹೇಳಿದ್ದನ್ನು ನಾಲ್ಕನೇ ನಂಬರಿನ ಯಂತ್ರ ಮಾತ್ರ ಕೇಳುತ್ತದೆ. ಮೀಟರಣ್ಣ ಆ ಕೇಬಲನ್ನು ಕರೆಂಟಿನ ತಂತಿಯಿಂದ ಒಂದು ಮೊಳ ದೂರ ಇಟ್ಟು, ಎಲ್ಲೂ ಗಂಟು ಹಾಕದೆ, ಹೊರಗಿನ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ತಿಂಗ್ ಕೊಟ್ಟು, ಮಗಳಿಗೆ ಜಡೆ ಹೆಣೆಯುವಷ್ಟು ನಾಜೂಕಾಗಿ ಎಳೆದಿದ್ದ. ಅದನ್ನು ಯಾರೂ ನೋಡುವಂತಿರಲಿಲ್ಲ, ಸೀಲಿಂಗಿನ ಮೇಲಿತ್ತು. ಅವನಿಗಿದ್ದ ದೊಡ್ಡ ದುಃಖವೇ ಅದು.

"ಕೆಂಪು ಕಪ್ಪು ತಂತಿ ಅದಲುಬದಲಾಗಿರಬೇಕು," ಎಂದ ಆಫೀಸಿನ ಅಟೆಂಡರ್. ತನ್ನ ಷಡ್ಡಕನ ಮನೆಯಲ್ಲಿ ಫ್ಯಾನು ರಿಪೇರಿಯಾದಾಗ ಪಕ್ಕದಲ್ಲಿ ನಿಂತು ನೋಡಿದ್ದನಂತೆ.

"ಈ ಕೇಬಲಿಗೆ ಉಲ್ಟಾ ಸೀದಾ ಅನ್ನೋದೇ ಇಲ್ಲ ಕಣಯ್ಯ!"

"ಇಲ್ಲದೆ ಇರುತ್ತಾ? ಚಡ್ಡಿಗೂ ಇರುತ್ತೆ."

ಅಷ್ಟರಲ್ಲಿ ಮ್ಯಾನೇಜರರು ಫೋನು ಮಾಡಿದ್ದರಿಂದ ಎಂಜಿನಿಯರರ ಕರೆ ಬಂತು. "ಏನಯ್ಯಾ, ಕೇಬಲ್ ಉಲ್ಟಾ ಹಾಕಿದೀಯಂತೆ?"

ಮೀಟರಣ್ಣನ ಕಿವಿ ಕೆಂಪಾಯಿತು. ಹದಿನೆಂಟು ವರ್ಷದ ಕೆಲಸಕ್ಕೆ ಫ್ಯಾನು ನೋಡಿದವನ ಸರ್ಟಿಫಿಕೇಟು! ಅವನು ಫೋನಿಟ್ಟು ಕಾರಿಡಾರಿನ ನಡುವೆ ನಿಂತು, ಎಂಟೂ ಕೋಣೆಗೆ ಕೇಳುವಂತೆ ಘೋಷಿಸಿದ: "ನನ್ನ ಕೆಲಸದಲ್ಲಿ ಒಂದು ತಪ್ಪು ತೋರಿಸಿ, ಮೀಸೆ ಬೋಳಿಸ್ತೀನಿ! ಇದರಲ್ಲಿ ಬೇರೆ ಯಾರೋ ಕೈಯಾಡಿಸಿದಾರೆ. ಅದು ಯಾರು ಅಂತ ಗೊತ್ತಾಗಲಿ, ಆ ಕೈಯನ್ನ ಇದೇ ಪೈಪಿಗೆ ಕಟ್ಟಿ ಹಾಕ್ತೀನಿ!"

ಬೆಳಗ್ಗೆ ಆಫೀಸು ತೆರೆಯುವ ಮೊದಲೇ ಬಂದು ಗೋಡೆಗಳಿಗೆ ಕೊನೆಯ ಬಣ್ಣ ಬಳಿದಿದ್ದ ಮೀಟರಣ್ಣನ ಕಂಪನಿಯದೇ ಪೇಂಟರ್, ಕಿಟಕಿಯ ಬಳಿ ಬ್ರಷ್ ತೊಳೆಯುತ್ತಿದ್ದವನು ತಲೆಯಾಡಿಸಿದ. "ಹೌದಣ್ಣ. ಅಂಥವರನ್ನ ಬಿಡಬಾರದು."

ಮೀಟರಣ್ಣ ಏಣಿ ಹಾಕಿದ. ಕಾರಿಡಾರಿನ ಸೀಲಿಂಗಿನಲ್ಲಿದ್ದ ಕಿಂಡಿಯಿಂದ ತಲೆ ತೂರಿಸಿ, ಒಂದರಿಂದ ಎಂಟರವರೆಗೆ ಒಂದೊಂದು ಜೋಡಣೆಯನ್ನೂ ಮೀಟರಿಗೆ ತಾಗಿಸಿ ನೋಡಿದ. ಎಲ್ಲವೂ ಸರಿ. ಕೆಳಗಿಳಿದು "ಸರಿಯಾಗಿದೆ" ಎಂದ. ಮೇಡಂ ಸೀನಿದರು. ಮತ್ತೆ ಹತ್ತಿದ. ಮತ್ತೆ ಸರಿ. ಮ್ಯಾನೇಜರರು ಕರವಸ್ತ್ರ ಹಿಂಡಿ ತೋರಿಸಿದರು.

"ನಮ್ಮ ಕಡೆ ಒಂದು ಗಾದೆ ಇದೆ," ಎಂದ ಅಟೆಂಡರ್, ಮಧ್ಯಾಹ್ನದ ಟೀ ಹಂಚುತ್ತ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ."

"ಯಾರನ್ನ ಎಮ್ಮೆ ಅಂದಿದ್ದು?" ಎಂದರು ಮ್ಯಾನೇಜರ್.

ಏಣಿಯ ಮೂರನೇ ಮೆಟ್ಟಿಲಲ್ಲಿ ಮೀಟರಣ್ಣ ಸ್ತಬ್ಧನಾದ. ಎತ್ತು, ಎಮ್ಮೆ. ನಾಲ್ಕು, ಐದು. ಅವನು ಮೆಲ್ಲಗೆ ಇಳಿದು, ಮೇಡಂ ಕೋಣೆಗೆ ಹೋಗಿ, "ಒಂದ್ನಿಮಿಷ" ಎಂದು ರಿಮೋಟಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದ. ಪರದೆಯ ಮೂಲೆಯಲ್ಲಿ ನಂಬರು ಮೂಡಿತು: ಐದು.

ಈ ನಂಬರುಗಳನ್ನು ನಿನ್ನೆ ಸಂಜೆ ತುಂಬಿಸಿದವನು ಅವನೇ. ಪರೀಕ್ಷೆಯನ್ನೂ ಮಾಡಿದ್ದ, ಆದರೆ ಎಂಟನ್ನೂ ಒಟ್ಟಿಗೇ ಶುರುಮಾಡಿ, ಎಂಟೂ ತಂಪು ಬಿಟ್ಟದ್ದು ನೋಡಿ ಮನೆಗೆ ಹೋಗಿದ್ದ. ಎಲ್ಲರೂ ಒಟ್ಟಿಗೆ ಹಾಡಿದಾಗ ಯಾರ ದನಿ ಯಾರದ್ದು ಎಂದು ಹೇಗೆ ತಿಳಿಯಬೇಕು? ಹಾಗಾದರೆ ತಪ್ಪು ತನ್ನದೇ.

"ಏನಾದ್ರೂ ಸಿಕ್ತಾ?" ಎಂದರು ಮೇಡಂ, ಶಾಲಿನೊಳಗಿಂದ.

ಮೀಟರಣ್ಣ ಮೀಸೆ ಮುಟ್ಟಿಕೊಂಡ. "ಏನಿಲ್ಲ ಮೇಡಂ. ನನ್ನ ಕೆಲಸ ಸರಿಯಾಗಿದೆ."

ರಿಮೋಟಿನಲ್ಲೇ ನಂಬರು ತಿದ್ದಬಹುದಿತ್ತು. ಆದರೆ ಅದಕ್ಕೆ ಈ ಕೋಣೆಯಲ್ಲಿ ಹತ್ತು ನಿಮಿಷ, ಆ ಕೋಣೆಯಲ್ಲಿ ಹತ್ತು ನಿಮಿಷ ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಬೆನ್ನ ಹಿಂದೆ ಇಬ್ಬರೂ "ಈಗೇನು ಮಾಡ್ತಿದೀರಿ?" ಎಂದು ಕೇಳುತ್ತಾರೆ, ಅಟೆಂಡರ್ ಬಾಗಿಲಲ್ಲಿ ನಿಂತು ಇಡೀ ಮಹಡಿಗೆ ವರದಿ ಒಪ್ಪಿಸುತ್ತಾನೆ. ಸೀಲಿಂಗಿನ ಮೇಲಾದರೆ ಯಾರ ಕಣ್ಣೂ ಇಲ್ಲ. ಅಲ್ಲಿ ಪ್ರತಿ ಯಂತ್ರಕ್ಕೂ ಕಡಲೆಕಾಳಿನ ಗಾತ್ರದ ಒಂದು ನಂಬರಿನ ತಿರುಗಣೆ ಇದೆ. ನಾಲ್ಕನ್ನು ಐದು ಮಾಡುವುದು, ಐದನ್ನು ನಾಲ್ಕು ಮಾಡುವುದು. ಕೆಲಸ ಮುಗಿಯಿತು, ಮೀಸೆ ಉಳಿಯಿತು.

ಮೂರೂ ಮುಕ್ಕಾಲಿಗೆ ಅವನು ಗಂಟಲು ಸರಿಮಾಡಿಕೊಂಡು, "ಫಿಲ್ಟರ್ ಒರೆಸಬೇಕು. ಹತ್ತು ನಿಮಿಷ ಎ.ಸಿ. ಕರೆಂಟ್ ತೆಗೀತೀನಿ. ಎಲ್ಲರೂ ಹೊರಗೆ ಟೀ ಕುಡೀರಿ," ಎಂದ. ಕೋಣೆಗಳು ಖಾಲಿಯಾದವು. ಮೀಟರಣ್ಣ ಕಿಂಡಿಯೊಳಗೆ ಸೊಂಟದವರೆಗೆ ಮರೆಯಾದ. ಸ್ಕ್ರೂಡ್ರೈವರಿನ ತುದಿಯಿಂದ ಎರಡು ತಿರುಗಣೆ ತಿರುಗಿಸಿ, ಲೋಕದಲ್ಲಿ ನ್ಯಾಯ ಇನ್ನೂ ಇದೆ ಎಂದುಕೊಂಡು ಇಳಿದ. ಕರೆಂಟು ಕೊಟ್ಟ. ಯಂತ್ರಗಳು ಏಳುವ ಹೊತ್ತಿಗೆ ಮಾಲೀಕರೂ ಎಂಜಿನಿಯರೂ ಮೆಟ್ಟಿಲು ಹತ್ತಿ ಬಂದೇಬಿಟ್ಟರು.

"ಏನೋ ತಕರಾರು ಅಂತ ಕೇಳಿದೆ?" ಎಂದರು ಮಾಲೀಕರು.

"ಎಂಥ ತಕರಾರೂ ಇಲ್ಲ ಸಾರ್. ಸುಮ್ಮನೆ ನಾಲ್ಕು ಜನ ಮಾತಾಡ್ತಾರೆ," ಎಂದು ಮೀಟರಣ್ಣ ಅವರನ್ನು ನೇರವಾಗಿ ನಾಲ್ಕನೇ ಕೋಣೆಗೇ ಕರೆದೊಯ್ದ. "ನೋಡಿ, ಈಗ ಇದನ್ನ ಆಫ್ ಮಾಡ್ತೀನಿ." ಗುಂಡಿ ಒತ್ತಿದ.

ತಲೆಯ ಮೇಲಿನ ಯಂತ್ರ ಆರಾಮವಾಗಿ ಊದುತ್ತಲೇ ಇತ್ತು. ಪಕ್ಕದ ಕೋಣೆಯಿಂದ ಮ್ಯಾನೇಜರರ ಗರ್ಜನೆ ಬಂತು: "ನನ್ನ ಮಶೀನ್ ಆಫ್ ಮಾಡಿದ್ದು ಯಾರ್ರೀ?"

ಎಂಜಿನಿಯರ್ ಕಣ್ಣು ಮುಚ್ಚಿಕೊಂಡರು. ಆಗ ಬಾಗಿಲ ಬಳಿಯಿಂದ ಪೇಂಟರ್, ಸಿಡಿದ ಕುಕ್ಕರಿನಂತೆ, ಒಳಗೆ ನುಗ್ಗಿದ.

"ಸಾಧ್ಯವೇ ಇಲ್ಲ ಸಾರ್! ನಾನೇ ಈಗ ಸರಿ ಮಾಡಿದೀನಿ!"

"ನೀನಾ?"

"ತಪ್ಪು ನಂದು ಸಾರ್. ಬೆಳಗ್ಗೆ ಬಣ್ಣ ಹೊಡೆಯೋಕೆ ಅಂತ ಎರಡೂ ರಿಮೋಟು ಬಿಚ್ಚಿದ್ದೆ. ಎರಡೂ ಒಂದೇ ಥರ ಇತ್ತು. ಇದನ್ನ ಅಲ್ಲಿ, ಅದನ್ನ ಇಲ್ಲಿ ಸಿಕ್ಕಿಸಿಬಿಟ್ಟೆ. ಅಣ್ಣ ಕೈ ಕಟ್ಟಿ ಹಾಕ್ತೀನಿ ಅಂದ್ರಲ್ಲ, ಹೆದರಿಕೆಗೆ ಬಾಯಿ ಬಿಡಲಿಲ್ಲ. ಈಗ ಅಣ್ಣ ಕರೆಂಟ್ ತೆಗೆದು ಫಿಲ್ಟರ್ ಒರೆಸ್ತಿದ್ರಲ್ಲ, ಆಗ ಎರಡನ್ನೂ ಅದರ ಅದರ ಜಾಗಕ್ಕೆ ಹಾಕಿದೀನಿ."

ಎಂಜಿನಿಯರ್ ನಿಧಾನವಾಗಿ ಮೀಟರಣ್ಣನ ಕಡೆ ತಿರುಗಿದರು. "ನೀನು ಮೇಲೆ ಫಿಲ್ಟರ್ ಒರೆಸ್ತಿದ್ಯಾ?"

ಅದೇ ಹೊತ್ತಿಗೆ ತಾನು ಮೇಲೆ ಎರಡೂ ಯಂತ್ರಗಳ ನಂಬರು ಅದಲುಬದಲು ಮಾಡಿದ್ದನ್ನು ಮೀಟರಣ್ಣ ಹೇಳಲೇಬೇಕಾಯಿತು. ಹೇಳಿ ಮುಗಿಸುವಾಗ ದನಿ ಎಷ್ಟು ಸಣ್ಣಗಾಗಿತ್ತೆಂದರೆ ಮೇಡಂ ಶಾಲು ಸರಿಸಿ ಕಿವಿ ಕೊಡಬೇಕಾಯಿತು.

"ಅಂದ್ರೆ," ಎಂದರು ಎಂಜಿನಿಯರ್, "ಮೂರೂ ಮುಕ್ಕಾಲಿನ ತನಕ ನಿನ್ನ ಕೆಲಸದಲ್ಲಿ ಒಂದೇ ಒಂದು ತಪ್ಪಿರಲಿಲ್ಲ."

"ಅದನ್ನೇ ಸಾರ್ ಬೆಳಗ್ಗೆಯಿಂದ ಬಡ್ಕೋತಿದೀನಿ!" ಎಂದ ಮೀಟರಣ್ಣ, ಒಳಗಿನ ಸಿಟ್ಟೆಲ್ಲ ಒಮ್ಮೆಲೇ ಉಕ್ಕಿ.

"ಈಗ ಇದೆ."

ಮಾಲೀಕರು ಪೇಂಟರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಇಷ್ಟು ವರ್ಷದಲ್ಲಿ ಎಷ್ಟೋ ಕಂಪನಿಯವರಿಂದ ಕೆಲಸ ಮಾಡಿಸಿದೀನಿ. 'ತಪ್ಪು ನಂದು' ಅಂತ ತಾನಾಗೇ ಬಂದು ಹೇಳಿದ ಮನುಷ್ಯನನ್ನ ಇವತ್ತೇ ನೋಡಿದ್ದು. ಸೂಪರ್‌ವೈಸರ್ ಇಲ್ಲ ಅಂದಿರಲ್ಲ, ಇವರನ್ನೇ ಮಾಡಿ. ಇವರು 'ಸರಿಯಾಗಿದೆ' ಅಂದ್ರೆ ನಾನು ಕಣ್ಮುಚ್ಚಿ ಸಹಿ ಹಾಕ್ತೀನಿ."

ಎಂಜಿನಿಯರರಿಗೆ ಬೇಕಿದ್ದದ್ದು ಸಹಿ. ಅವರು ತಕ್ಷಣ ಪೇಂಟರನ ಕೈ ಕುಲುಕಿದರು. ಅಂಗೈಗೆ ಬಿಳಿ ಬಣ್ಣ ಹತ್ತಿತು.

ಪೇಂಟರ್ ನಾಚಿಕೊಂಡು ಮೀಟರಣ್ಣನ ಹತ್ತಿರ ಬಂದ. "ಅಣ್ಣ, ಬೇಜಾರು ಮಾಡ್ಕೋಬೇಡಿ. ಆ ಎರಡು ನಂಬರ್ ಮತ್ತೆ ಮೊದಲಿನ ಹಾಗೆ ತಿರುಗಿಸಿಬಿಡಿ. ಬನ್ನಿ, ನಾನು ಏಣಿ ಹಿಡ್ಕೋತೀನಿ." ಎರಡು ಹೆಜ್ಜೆ ಇಟ್ಟವನು ಏನೋ ಹೊಳೆದಂತೆ ನಿಂತ. "ಅಲ್ಲ... ಇನ್ಮೇಲೆ ನಾನು ಏಣಿ ಮುಟ್ಟೋ ಹಾಗಿಲ್ಲ, ಅಲ್ವಾ ಸಾರ್?"