ಎಮ್ಮೆಗಳನ್ನು ಬಿಟ್ಟು ಬಂದ ಬೆಳ್ಳಕ್ಕಿ

ಜಾವಗಲ್ಲಿನ ನಮ್ಮ ತೋಟದಲ್ಲಿ ಗಿಳಿಗೂಡು ನೋಡುತ್ತ ನಿಂತು ಕತ್ತು ಉಳುಕಿಸಿಕೊಂಡ ಹುಡುಗಿ ನಾನು. ಮುಂದೆ ಜೀವಶಾಸ್ತ್ರ ಓದಿದೆ. ಅರಸೀಕೆರೆಯ ಕಾಲೇಜೊಂದರಲ್ಲಿ ಕಪ್ಪೆ, ಜಿರಲೆಗಳ ಒಳಾಂಗ ವಿವರಿಸುತ್ತ ವರ್ಷಗಳು ಕಳೆದವು. ಕಿಟಕಿಯಾಚೆ ಮರಕುಟಿಗ ಬಂದು ಕೂತರೆ ಪಾಠ ಮರೆಯುತ್ತಿದ್ದವಳು ನಾನೇ. ಕೊನೆಗೆ ಕೆಲಸ ಬಿಟ್ಟು, ಬಂದವರಿಗೆ ಹಕ್ಕಿ ತೋರಿಸುವ ಗೈಡ್ ಆಗುತ್ತೇನೆಂದು ಮನೆಯಲ್ಲಿ ಘೋಷಿಸಿದೆ.

"ಹಕ್ಕಿ ಎಲ್ರಿಗೂ ಕಾಣ್ತಾವೆ ಕಣೇ. ನೀನೇನು ತೋರ್ಸೋದು?" ಎಂದಳು ಅಮ್ಮ.

"ತೋರ್ಸೋದೂ ಒಂದು ಶಾಸ್ತ್ರ ಅಮ್ಮ" ಎಂದೆ. ಆಗ ನನಗೆ ಗೊತ್ತಿದ್ದದ್ದು ಶಾಸ್ತ್ರ ಮಾತ್ರ.

ಮೊದಲ ಅತಿಥಿಗಳು ಮೈಸೂರಿನ ನಿವೃತ್ತ ದಂಪತಿ. ಬೆಳಿಗ್ಗೆಯೇ ಹಳೇಬೀಡಿನ ಕೆರೆಗೆ ಕರೆದೊಯ್ದೆ. ಯಜಮಾನರ ಕೊರಳಲ್ಲಿ ದೊಡ್ಡ ಕ್ಯಾಮೆರಾ. ಇವರು ಮೆಚ್ಚಿದರೆ ನಾಲ್ಕು ಜನಕ್ಕೆ ಹೇಳುತ್ತಾರೆ. ಇಲ್ಲದಿದ್ದರೆ ಮತ್ತೆ ಜಿರಲೆಯೇ ಗತಿ. ಆದ್ದರಿಂದ ಕೆರೆಗೆ ಬೆನ್ನು ಹಾಕಿ ನಿಂತು ಪಕ್ಷಿಸಂಕುಲದ ವಿಕಾಸ ಕುರಿತು ಗಂಭೀರ ಉಪನ್ಯಾಸ ಆರಂಭಿಸಿದೆ. ಮುಗಿಸಿ ತಿರುಗಿದರೆ ಕೆರೆ ಖಾಲಿ.

"ಈಗ ತಾನೇ ಒಂದು ಹಿಂಡು ಎದ್ದು ಹೋಯ್ತು. ನೀವು ಮಾತಾಡ್ತಿದ್ರಲ್ಲ, ಸುಮ್ನಿದ್ವಿ" ಎಂದರು ಅವರ ಹೆಂಡತಿ.

ಮಾನ ಉಳಿಸಿಕೊಳ್ಳಲು ಒಣಮರದತ್ತ ಕೈ ತೋರಿಸಿ, "ಅಗೋ, ಹದ್ದು. ಅಲುಗಾಡಬೇಡಿ" ಎಂದೆ. ಹದ್ದೂ ಅಲುಗಾಡಲಿಲ್ಲ. ಯಜಮಾನರು ಕ್ಯಾಮೆರಾದಲ್ಲಿ ನೋಡಿ, "ಪ್ಲಾಸ್ಟಿಕ್ ಕವರ್ ಇರ್ಬೇಕು ಮೇಡಂ" ಎಂದರು, ಬಹಳ ಮರ್ಯಾದೆಯಿಂದ.

ಅಷ್ಟರಲ್ಲಿ ಜೊಂಡಿನ ಬಳಿ ಮಿಂಚುಳ್ಳಿ ಕಂಡಂತಾಯಿತು. ಈ ಸಲ ಖಚಿತಪಡಿಸಿಕೊಂಡೇ ಹೇಳೋಣವೆಂದು ಮುಂದೆ ಹೆಜ್ಜೆ ಇಟ್ಟೆ. ಒಣಗಿದಂತೆ ಕಂಡ ನೆಲದೊಳಗೆ ಮೊಣಕಾಲವರೆಗೆ ಇಳಿದೆ. ಒದ್ದಾಡಿದಷ್ಟೂ ಕೆಸರಿನಿಂದ ಹುಳುಗಳು ಎದ್ದವು. ಹುಳುವಿನಾಸೆಗೆ ದಂಡೆಯಲ್ಲಿ ಮೇಯುವ ಎಮ್ಮೆಗಳ ಹಿಂದೆ ತಿರುಗುತ್ತಿದ್ದ ಬೆಳ್ಳಕ್ಕಿಯೊಂದು ಅವನ್ನು ಬಿಟ್ಟು ನೇರವಾಗಿ ನನ್ನ ಬಳಿಗೆ ಬಂತು. ಒಂದು ಸುತ್ತು ಹಾಕಿ, ಪಕ್ಕದಲ್ಲೇ ನಿಂತು ಹೆಕ್ಕತೊಡಗಿತು.

"ಅಲ್ಲಾಡ್ಬೇಡಿ ಮೇಡಂ" ಎಂದು ಯಜಮಾನರು ಕ್ಯಾಮೆರಾ ಕ್ಲಿಕ್ಕಿಸುತ್ತ ಪಿಸುಗುಟ್ಟಿದರು.

ಅಲ್ಲಾಡುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ನಿಂತಲ್ಲೇ, ಮೆಲ್ಲನೆ, ಆ ಹಕ್ಕಿಯ ಊಟ, ಗೂಡು, ಮರಿಗಳ ಬಗ್ಗೆ ಹೇಳುತ್ತ ಹೋದೆ. ಅವರ ಹೆಂಡತಿ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಣ್ಣರಳಿಸಿ ಕೇಳಿದರು. ಹಕ್ಕಿಗೆ ಹೊಟ್ಟೆ ತುಂಬಿದ ಮೇಲೆ ಇಬ್ಬರೂ ಸೇರಿ ನನ್ನನ್ನು ಎಳೆದು ತೆಗೆದರು. ಒಂದು ಶೂ ಕೆರೆಯ ಪಾಲಾಯಿತು.

ಆ ಫೋಟೋ ಊರೂರು ಸುತ್ತಿತು. ಈಗ ವಾರವಾರವೂ ಜನ ಬರುತ್ತಾರೆ. ಮೊನ್ನೆ ಬೇಲೂರಿನಿಂದ ಬಂದ ಅಜ್ಜಿಯೊಬ್ಬರು, "ಬ್ಯಾರೆ ಹಕ್ಕಿ ಆಮ್ಯಾಕೆ ನೋಡಾಣ. ಮೊದ್ಲು ನೀನು ಒಂದ್ಸಲ ಅಂಗೇ ನಿಂತ್ಕೊಳ್ಳವ್ವ" ಎಂದರು.

ಚಪ್ಪಲಿ ಬಿಟ್ಟು ಕೆಸರಿಗಿಳಿದು ನಿಂತೆ. ಬೆಳ್ಳಕ್ಕಿ ಬಂತು. ನನ್ನನ್ನು ಮೇಲಿಂದ ಕೆಳಗೆ ನೋಡಿತು. ಎಮ್ಮೆಯೇ ವಾಸಿ ಎಂದು ಹೊರಟುಹೋಯಿತು.